ಮೈಸೂರು ಮೈನ್ಸಿನಲ್ಲಿ ಒಂದು ಮೇಣದಬತ್ತಿ

ಬಂಗಾರಪೇಟೆಯ ಪಾನಿಪುರಿ ನೀರಿಗೆ ಬಣ್ಣವೇ ಇಲ್ಲ. ನಲ್ಲಿಯಿಂದ ಈಗಷ್ಟೇ ಹಿಡಿದು ತಂದ ಹಾಗೆ ತಿಳಿಯಾಗಿರುತ್ತದೆ. ಬಾಯಿಗಿಟ್ಟ ಮೇಲೆಯೇ ಅದರ ಕಾರ ಗೊತ್ತಾಗುವುದು. ನಾನು ಎರಡು ಪ್ಲೇಟು ತಿಂದು, ಕಣ್ಣೊರೆಸಿಕೊಳ್ಳುತ್ತಲೇ ಮಾರಿಕುಪ್ಪಂ ರೈಲು ಹತ್ತಿದೆ. ಒಂದು ರೂಪ ತೋರಿಸಿ ಇನ್ನೊಂದನ್ನು ಒಳಗಿಟ್ಟುಕೊಳ್ಳುವುದು ಈ ಸೀಮೆಯ ಗುಣವೇ ಇರಬೇಕು ಎಂದು ಆಗ ತಮಾಷೆಗೆ ಅಂದುಕೊಂಡಿದ್ದೆ. ಸಂಜೆಯಾಗುವ ಹೊತ್ತಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿನಲ್ಲಿ ಹದಿನೈದು-ಹದಿನಾರು ಕಿಲೋಮೀಟರು. ರಾಗಿ ಹೊಲ, ನೀಲಗಿರಿ ತೋಪು, ಬಂಡೆ. ಅಷ್ಟರಲ್ಲಿ ಕಿಟಕಿಯಾಚೆ ಬೂದುಹಳದಿ ಬಣ್ಣದ ಗುಡ್ಡಗಳು ಎದ್ದು ನಿಲ್ಲುತ್ತವೆ. ಮರವಿಲ್ಲ, ಬಂಡೆಯಿಲ್ಲ, ಮೈತುಂಬ ಮಳೆನೀರು ಕೊರೆದ ಗೀರುಗಳು. ಇಲ್ಲಿನವರಿಗೆ ಅವು ಸೈನೈಡ್ ದಿಬ್ಬಗಳು. ಕಲ್ಲು ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿ 3 ಕೋಟಿ ಟನ್ನಿಗೂ ಮಿಗಿಲು ಬಿದ್ದಿದೆ. ಗಣಿಯ ಕೊನೆಗಾಲದಲ್ಲಿ ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಮೂರು-ನಾಲ್ಕು ಗ್ರಾಂ ಚಿನ್ನ. ಹುಲ್ಲನ್ನು ನೂತು ಚಿನ್ನದ ಎಳೆ ತೆಗೆಯುವ ಕುಳ್ಳನ ಕತೆ ಗ್ರಿಮ್ ಸೋದರರ ಸಂಗ್ರಹದಲ್ಲಿದೆ. ಈ ದಿಬ್ಬಗಳ ಮುಂದೆ ನಿಂತರೆ ಅವನ ಕೆಲಸವೇ ಸಲೀಸು ಅನ್ನಿಸುತ್ತದೆ.

ಮಾರಿಕುಪ್ಪಂನಲ್ಲಿ ಇಳಿದು, ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನ್ಸ್ ಕಡೆಗೆ ನಡೆದೆ. ಇದರ ಹುಟ್ಟೂ ಕತೆಯ ಹಾಗೆಯೇ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದು ಅಗೆಯತೊಡಗಿತು. ಹಣವೆಲ್ಲ ಕರಗಿ, ಷೇರುದಾರರು ಮುಚ್ಚಿಬಿಡೋಣ ಎನ್ನುವ ಹೊತ್ತಿಗೆ ಈ ಮೈಸೂರು ಗಣಿಯಲ್ಲಿಯೇ ಚಾಂಪಿಯನ್ ಎಂಬ ಚಿನ್ನದ ಪದರ ಕೈಗೆ ಸಿಕ್ಕಿತು. ಆಮೇಲೆ ಹತ್ತಿರಹತ್ತಿರ ನೂರಿಪ್ಪತ್ತು ವರ್ಷ ಅಗೆತ ನಿಲ್ಲಲಿಲ್ಲ. ಚಾಂಪಿಯನ್ ರೀಫ್ಸ್ ಗಣಿಯಂತೂ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಎಲ್ಲ ಮುಚ್ಚಿತು. ಈಗ ಶಾಫ್ಟಿನ ಕಬ್ಬಿಣದ ಗೋಪುರ ತುಕ್ಕು ಹಿಡಿದು ನಿಂತಿದೆ. ಕೇಜು ಇಳಿಸುತ್ತಿದ್ದ ದೊಡ್ಡ ಗಾಲಿ ಅದರ ತಲೆಯ ಮೇಲೆ ಅಲುಗಾಡದೆ ಕೂತಿದೆ.

ಲೈನ್ ಮನೆಗಳ ಸಾಲಿನಲ್ಲಿ ಹಿರಿಯರೊಬ್ಬರು ಜಗಲಿಯ ಮೇಲಿದ್ದರು. "ಬಿಸಿಲಲ್ಲಿ ಯಾಕೆ ಸಾರ್ ನಿಂತಿದ್ದೀರಿ, ಒಳಗೆ ಬನ್ನಿ" ಅಂದರು. ತಮಿಳು ಮನೆಮಾತು, ಕನ್ನಡ ಸರಾಗ. ಗಣಿಯಲ್ಲಿ ದುಡಿದವರು, ಅವರಪ್ಪನೂ ಅಷ್ಟೇ. ಗೋಡೆಯ ಮೇಲೆ ಯೇಸುವಿನ ಪಟ, ಅದರ ಪಕ್ಕದಲ್ಲಿ ಯಾವುದೋ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟುಹಾಕಿಸಿದ ಚಿತ್ರ. ನೋಡಿದವನೇ ಎದ್ದು ನಿಂತೆ. ಹೊಲದ ನಡುವೆ ತಲೆಬಾಗಿದ ಗಂಡ-ಹೆಂಡತಿ, ನೆಲದಲ್ಲಿ ಊರಿದ ಕವೆಗೋಲು, ಬುಟ್ಟಿಯಲ್ಲಿ ಆಲೂಗಡ್ಡೆ, ದೂರದಲ್ಲಿ ಚರ್ಚಿನ ಗೋಪುರ. ಫ್ರಾನ್ಸಿನ ಮಿಲೆ ಎಂಬ ಚಿತ್ರಕಾರ 1857ರಿಂದ 59ರವರೆಗೆ ಬರೆದ ‘ಆಂಜೆಲುಸ್’!

ಅದು ಯಾರ ಚಿತ್ರ ಎಂದು ಮನೆಯವರಿಗೆ ಗೊತ್ತಿರಲಿಲ್ಲ. "ಪ್ರಾರ್ಥನೆ ಮಾಡೋ ಚಿತ್ರ ಸಾರ್. ಸಂಗು ಕೂಗಿದ್ಮೇಲೆ ನಮ್ಮಮ್ಮ ಇದೇ ಥರ ನಿಲ್ತಾ ಇದ್ರು." ಸಂಗು ಎಂದರೆ ಗಣಿಯ ಸೈರನ್. ಮಿಲೆಯ ಚಿತ್ರದಲ್ಲಿರುವುದು ಚರ್ಚಿನ ಸಂಜೆ ಗಂಟೆ. ಮೈಸೂರು ಮೈನ್ಸಿನಲ್ಲಿ ಆ ಗಂಟೆಗೆ ಪಾಳಿಯ ಸಂಗು ಸೇರಿಕೊಂಡಿತ್ತು. ಅಪ್ಪ ಕೆಳಗಿನಿಂದ ಮೇಲೆ ಬಂದನೇ ಎಂದು ಕಾಯುವ ಮನೆಗಳಲ್ಲಿ ತಲೆ ತಾನಾಗಿ ಬಾಗುತ್ತದೆ. ಗಣಿ ಶುರುವಾದ ಕಾಲಕ್ಕೆ ಮೈಸೂರು ಸೀಮೆಯ ಕ್ಯಾಥೊಲಿಕ್ ಮಿಷನ್ ಪ್ಯಾರಿಸ್ಸಿನ ಪಾದ್ರಿಗಳ ಕೈಯಲ್ಲಿತ್ತು. ಫ್ರೆಂಚ್ ಚಿತ್ರವೊಂದು ಈ ಗೋಡೆಯ ತನಕ ಬಂದದ್ದು ಆ ದಾರಿಯಲ್ಲೋ, ಬರೀ ಕ್ಯಾಲೆಂಡರಿನ ದಾರಿಯಲ್ಲೋ, ಅಂತೂ ಬಂದಿದೆ. ಇನ್ನೊಂದು ಮೋಜು: ಅದನ್ನು ಬರೆಯಲು ಹೇಳಿದ ಅಮೆರಿಕದ ಸಾಹುಕಾರನ ಹೆಸರು ಥಾಮಸ್ ಗೋಲ್ಡ್ ಆಪಲ್‌ಟನ್. ಹೆಸರಿನಲ್ಲೇ ಚಿನ್ನ. ಚಿತ್ರ ಸಿದ್ಧವಾದ ಮೇಲೆ ಆಸಾಮಿ ತೆಗೆದುಕೊಳ್ಳಲು ಬರಲೇ ಇಲ್ಲ.

ಹಿರಿಯರು ಅಟ್ಟದಿಂದ ಹಿತ್ತಾಳೆಯ ಪುಟ್ಟ ದೀಪವೊಂದನ್ನು ಇಳಿಸಿದರು. "ಇದು ನಮ್ಮಪ್ಪಂದು. ಮೇಲಿನ ಡಬ್ಬೀಲಿ ನೀರು, ಕೆಳಗೆ ಕಾರ್ಬೈಡ್ ಕಲ್ಲು. ತೊಟ್ಟು ತೊಟ್ಟು ನೀರು ಬಿದ್ದ ಹಾಗೆ ಗ್ಯಾಸ್ ಬರ್ತದೆ, ಅದಕ್ಕೆ ಕಡ್ಡಿ ಗೀರೋದು." 1902ರಲ್ಲೇ ಶಿವನಸಮುದ್ರದಿಂದ 147 ಕಿಲೋಮೀಟರು ತಂತಿ ಎಳೆದು ಕರೆಂಟು ತಂದ ಊರು ಇದು. ಆದರೂ ಕಲ್ಲಿನ ಎದುರು ಕೂತವನಿಗೆ ತನ್ನ ಪಾಲಿನ ಬೆಳಕು ತನ್ನ ಕೈಯಲ್ಲೇ ಇರಬೇಕಿತ್ತು.

ಮಾತು ಇಲ್ಲಿಗೆ ಬಂದಾಗ ಕರೆಂಟು ಹೋಯಿತು. ಮೊಮ್ಮಗಳು ಮೇಣದಬತ್ತಿ ಹಚ್ಚಿಕೊಂಡು ಬಂದಳು. ಬಾಗಿಲ ಗಾಳಿಗೆ ಆರದಿರಲಿ ಎಂದು ಇನ್ನೊಂದು ಕೈ ಅಡ್ಡ ಹಿಡಿದಿದ್ದಳು. ಬೆರಳುಗಳ ಅಂಚು ಕೆಂಡದ ಹಾಗೆ ಕೆಂಪಾಗಿ, ಉಗುರಿನ ಸುತ್ತ ಚರ್ಮ ಒಳಗಿನಿಂದಲೇ ಬೆಳಗಿದಂತಿತ್ತು. ಆ ಕೈ ನನಗೆ ಗೊತ್ತಿತ್ತು. ಲೂವ್ರ್ ಸಂಗ್ರಹಾಲಯದಲ್ಲಿರುವ, 1642ರ ಸುಮಾರಿಗೆ ಜಾರ್ಜ್ ದ ಲ ತೂರ್ ಬರೆದ ಚಿತ್ರದಲ್ಲಿ ಬಡಗಿ ಜೋಸೆಫ್ ಬಗ್ಗಿ ಮರಕ್ಕೆ ತೂತು ಕೊರೆಯುತ್ತಿದ್ದಾನೆ. ಬಾಲ ಯೇಸು ಎದುರಿಗೆ ಮೇಣದಬತ್ತಿ ಹಿಡಿದು ಕೂತಿದ್ದಾನೆ, ಅಡ್ಡ ಹಿಡಿದ ಅವನ ಅಂಗೈ ಹೀಗೆಯೇ ಕೆಂಪಾಗಿದೆ. ಆ ಚಿತ್ರಕಾರನನ್ನು ಫ್ರಾನ್ಸ್ ಹೆಚ್ಚುಕಡಿಮೆ ಎರಡೂವರೆ ಶತಮಾನ ಮರೆತೇಬಿಟ್ಟಿತ್ತು. 1915ರಲ್ಲಿ ಒಬ್ಬ ಜರ್ಮನ್ ವಿದ್ವಾಂಸ ಹುಡುಕಿ ಹೊರತೆಗೆದ. ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದರೂ ಆ ಕೆಂಪು ಸ್ವಲ್ಪ ಹೆಚ್ಚಾಯಿತು ಎಂಬ ತಕರಾರು ನನ್ನಲ್ಲಿತ್ತು. ಹೆಚ್ಚಾಗಿಲ್ಲ. ಅಷ್ಟೇ ಇರುವುದು.

ಹುಡುಗಿಯ ಕಂಕುಳಲ್ಲಿ ಸ್ನೋ ವೈಟ್ ಚಿತ್ರಪುಸ್ತಕ. ಏಳು ಕುಳ್ಳರ ಪುಟ ತೆಗೆದು "ತಾತನೂ ಇವರ ಥರಾನೇ ಮೈನ್ಸಲ್ಲಿ ಇದ್ದಿದ್ದು" ಅಂದಳು. ತಾತ ನಕ್ಕರು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? 1812ರ ಗ್ರಿಮ್ ಕತೆಯಲ್ಲಿ ಆ ಏಳು ಜನ ಬೆಟ್ಟದಲ್ಲಿ ಅದಿರು ಅಗೆಯುವವರೇ. ರಾತ್ರಿ ಮನೆಗೆ ಬಂದು ಏಳು ಪುಟ್ಟ ದೀಪ ಹಚ್ಚಿ ನೋಡಿದಾಗಲೇ ಯಾರೋ ಬಂದು ಮಲಗಿರುವುದು ಅವರಿಗೆ ಗೊತ್ತಾಗುವುದು. ಇಂದು ಎಲ್ಲರ ಬಾಯಲ್ಲಿರುವ ಅವರ ಹೆಸರುಗಳು 1937ರ ಡಿಸ್ನಿ ಸಿನಿಮಾದವು. ಮೂಲ ಕತೆಯಲ್ಲಿ ಹೆಸರಿಲ್ಲ, ಹಾಗಾಗಿ ಆ ಏಳು ಜಾಗದಲ್ಲಿ ಯಾರು ಬೇಕಾದರೂ ಕೂರಬಹುದು. ಹಳೆಯ ಕತೆಗಳು ಹಳತಾಗದಿರಲು ಇದೇ ಕಾರಣ ಎಂದು ನನ್ನ ಗುಮಾನಿ. ಇಲ್ಲಿಗೆ ಕೆಲಸಕ್ಕೆ ಬಂದ ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರ ನಾಡಿನಲ್ಲಂತೂ ಸುರಂಗದಲ್ಲಿ ಪುಟ್ಟ ಜನ ಕಲ್ಲು ಕುಟ್ಟುತ್ತಾರೆ ಎಂಬ ನಂಬಿಕೆಯಿತ್ತು. ಬುತ್ತಿಯ ಒಂದು ತುಣುಕು ಅವರಿಗಾಗಿ ಬಿಟ್ಟುಬರುತ್ತಿದ್ದರು.

"ಅಂಕಲ್, ನಿಮಗೊಂದು ಕತೆ ಬರ್ತದಾ?"

ನನಗೆ ನೆನಪಾದದ್ದು ಹಂಚಿ. ಎ.ಕೆ. ರಾಮಾನುಜನ್ ಅದನ್ನು ಕನ್ನಡದ ಸಿಂಡರೆಲಾ ಎಂದು ಕರೆದು ಪ್ರಬಂಧವನ್ನೇ ಬರೆದಿದ್ದಾರೆ. ಚಿನ್ನದ ಕೂದಲಿನ ಹುಡುಗಿ. ಅವಳ ಮುಖಕ್ಕೆ ಸರಿಯಾಗಿ ಕೂರುವ ಮಣ್ಣಿನ ಮುಖವಾಡ ಹಾಕಿ ತಾಯಿ ಮನೆಬಿಟ್ಟು ಕಳಿಸುತ್ತಾಳೆ. ಹಂಚಿನ ಮುಖದವಳು ಹಂಚಿ. ಸಾಹುಕಾರನ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಫ್ರಾನ್ಸಿನ ಪೆರೋ 1694ರಲ್ಲಿ ಪದ್ಯವಾಗಿ ಹೇಳಿದ ಕತ್ತೆಚರ್ಮದ ರಾಜಕುಮಾರಿಯೂ ಇವಳ ಹಾಗೆಯೇ ವೇಷ ಮರೆಸಿ ಓಡಿಹೋದವಳು. ಅವಳು ಹೊದ್ದದ್ದು ಲದ್ದಿಯ ಬದಲು ಚಿನ್ನದ ನಾಣ್ಯ ಹಾಕುತ್ತಿದ್ದ ಕತ್ತೆಯ ಚರ್ಮ. ಅಲ್ಲಿ ತಂದೆಯೇ ಮಗಳನ್ನು ಬಯಸುತ್ತಾನೆ, ಇಲ್ಲಿ ಅಣ್ಣ ತಂಗಿಯನ್ನು. ಮಗುವಿಗೆ ಹೇಳುವಾಗ ಆ ಭಾಗ ಹಾರಿಸಿದೆ. ಪೆರೋ ಹಾರಿಸಿರಲಿಲ್ಲ, ನಮ್ಮ ಅಜ್ಜಿಯರೂ ಹಾರಿಸುತ್ತಿರಲಿಲ್ಲ. ಧೈರ್ಯ ಸಾಲದ್ದು ನನಗೇ.

ಮಣ್ಣಿನ ಕೆಳಗೆ ಚಿನ್ನ ಎಂದಾಗ ಹುಡುಗಿ ಆಶ್ಚರ್ಯಪಡಲೇ ಇಲ್ಲ. "ಹೌದು, ಇಲ್ಲೇ ಇದೆ, ತಾತ ಹೇಳಿದ್ದಾರೆ" ಅಂದು ಕೆಂಪು ಗಾರೆಯ ನೆಲ ತೋರಿಸಿದಳು.

ನೀವು ಹೋಗುವುದಾದರೆ ರೈಲಿನಲ್ಲೇ ಹೋಗಿ, ಗಾಳಿ ಜೋರಿರುವ ದಿನ ದಿಬ್ಬದ ಹತ್ತಿರ ಸುಳಿಯಬೇಡಿ, ಪುಡಿ ಕಣ್ಣಿಗೆ ಹೊಡೆಯುತ್ತದೆ. ಒಂದೆರಡು ಕತೆ ಸರಿಯಾಗಿ ಕಲಿತುಕೊಂಡೇ ಹೊರಡಿ. ಮೈಸೂರು ಮೈನ್ಸಿನ ಮಕ್ಕಳು ಕೇಳುತ್ತಾರೆ.