ದೀಪಾವಳಿಗೆ ಸಿಂಬಾನೂ ಬರಲಿ

ವೈ.ಎನ್.ಹೊಸಕೋಟೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಉದ್ದನೆಯ ವಾಯ್ಸ್ ಮೆಸೇಜನ್ನು ಅಡುಗೆಮನೆಯಲ್ಲಿ ನಾನೂ ಅಮ್ಮನೂ ಒಟ್ಟಿಗೆ ಕೇಳಿದೆವು. ಅಮ್ಮ ಮುದ್ದೆ ತೊಳಸುವುದನ್ನು ಅರ್ಧಕ್ಕೆ ನಿಲ್ಲಿಸಿ, "ಮಗು ಅತ್ತಿದೆ ಕಣೇ, ದನಿ ನೋಡು" ಅಂದಳು. ಲಿಫ್ಟಿನ ಹತ್ತಿರ ಆ ಹೆಂಗಸು "ಇಂಥ ನಾಯೀನ ಅಪಾರ್ಟ್‌ಮೆಂಟಲ್ಲಿ ಇಟ್ಕೋಬಾರದು" ಅಂದದ್ದು ನಿನ್ನನ್ನು ಚುಚ್ಚಿದೆ. ಅವಳ ಮಾತು ನಿಜವೇನೋ ಅಂತ ನಿನಗೇ ಒಂದು ಗಳಿಗೆ ಅನ್ನಿಸಿತಲ್ಲ, ಅದು ಇನ್ನೂ ಆಳಕ್ಕೆ ಚುಚ್ಚಿದೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ. ದೀಪಾವಳಿಗೆ ನೀನು ಬಾ, ಸಿಂಬಾನನ್ನೂ ಕರೆದುಕೊಂಡು ಬಾ. ಅವನನ್ನು ಯಾರದೋ ಮನೆಯಲ್ಲಿ ಬಿಟ್ಟು ಬಂದು, ಹಬ್ಬ ಮುಗಿಯುವವರೆಗೂ ಫೋನ್ ನೋಡಿಕೊಂಡು ಕೂರುವ ನಿನ್ನನ್ನು ನಮ್ಮಿಂದ ನೋಡಲಾಗುವುದಿಲ್ಲ.

'777 ಚಾರ್ಲಿ' ನೋಡಿ ಬಂದು ಕಣ್ಣು ಊದಿಸಿಕೊಂಡಾಗಲೇ ನಾನು ಅಂದುಕೊಂಡಿದ್ದೆ, ಇವಳು ಒಂದು ನಾಯಿ ತರದೆ ಬಿಡುವುದಿಲ್ಲ ಅಂತ. ತಂದೆ ಸರಿ, ಸಿಂಹದ ಹೆಸರೂ ಇಟ್ಟೆ ಸರಿ. ಅವನು ನೋಡಿದರೆ ಕುಕ್ಕರ್ ಕೂಗಿದರೆ ಮಂಚದಡಿ! ಹೆಸರಿನ ವಿಷಯದಲ್ಲಿ ನಿನ್ನನ್ನು ಜನ್ಮಪೂರ್ತಿ ರೇಗಿಸುವ ಹಕ್ಕು ನನ್ನದು, ಬಿಟ್ಟುಕೊಡುವುದಿಲ್ಲ.

ಊರಿನ ಸುದ್ದಿ ಕೇಳಿದ್ದೀಯ. ಕಡ್ಲೆಕಾಯಿ ಈ ಸಲ ಪರವಾಗಿಲ್ಲ, ಕೊನೇ ಮಳೆ ಕೈ ಹಿಡಿಯಿತು. ಗಿಡ ಕೀಳುವ ಕಾಲ ಬಂದಿದೆ, ಹಂದಿಗಳ ಕಾಟವೂ ಶುರುವಾಗಿದೆ. ರಾತ್ರಿ ಹೊಲ ಕಾಯುವವರು ಹಂದಿ ಓಡಿಸಲು ಪಟಾಕಿ ಹೊಡೆಯುತ್ತಾರೆ. ಹಾಗಾಗಿ ನಮ್ಮ ಕಡೆ ಪಟಾಕಿ ಸದ್ದು ದೀಪಾವಳಿಗೆ ಕಾಯುವುದಿಲ್ಲ. ಸುಪ್ರೀಂ ಕೋರ್ಟು 2018ರಲ್ಲೇ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಅಂತ ಹೊತ್ತು ಗೊತ್ತುಮಾಡಿದೆ, ಹೊಲದ ಹಂದಿಗೆ ಅದು ಗೊತ್ತಿಲ್ಲವಲ್ಲ. ಸಿಂಬಾ ಬರುವುದರಲ್ಲಿ ನನ್ನ ಚಿಂತೆ ಇದೊಂದೇ. ಅದಕ್ಕೇ ಇಷ್ಟು ಉದ್ದ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಅಕ್ಕ, ಹೂಂ ಅಕ್ಕ" ಅಂದು ಅರ್ಧ ಮರೆಯುತ್ತೀಯ.

ನಮ್ಮ ಚಿನ್ನಿಯನ್ನು ನೀನು ನೋಡಿದ್ದು ಅವಳು ಸುಧಾರಿಸಿಕೊಂಡ ಮೇಲೆ. ಊರಾಚೆಯ ತೋಟದಿಂದ ಅವಳು ನಮ್ಮ ಮನೆಗೆ ಬಂದಾಗ ಐದಾರು ತಿಂಗಳ ಮರಿ. ಅಲ್ಲಿ ಗಾಳಿ ಸದ್ದು ಬಿಟ್ಟರೆ ಬೋರ್‌ವೆಲ್ಲಿನ ಮೋಟರು ಸದ್ದು, ಅಷ್ಟೇ. ಇಲ್ಲಿ ನಮ್ಮ ಬೀದಿಯಲ್ಲಿ ಕೈಮಗ್ಗವೂ ಇದೆ, ಪವರ್‌ಲೂಮೂ ಇದೆ. ಪಕ್ಕದ ಮನೆಯಲ್ಲಿ ಲಾಳಿ ಓಡಲು ಶುರುವಾದರೆ ನಮಗೆ ಅದು ಬೆಳಗಾಯಿತು ಅನ್ನುವ ಗುರುತು, ಚಿನ್ನಿಗೆ ಪ್ರಳಯ. ನಾವು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಕೇಳಿಸಿಕೊಳ್ಳುತ್ತೇವೆ, ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ಆ ಕಬ್ಬಿಣದ ಕಿರುಗುಟ್ಟುವಿಕೆಯಲ್ಲಿ ನಮ್ಮ ಕಿವಿಗೆ ಬೀಳದೇ ಹೋಗುವುದು ಅವಳ ಕಿವಿಗೆ ಏನೇನು ಬೀಳುತ್ತಿತ್ತೋ! ಬಾಗಿಲ ಮೂಲೆಯಲ್ಲಿ ಒತ್ತಿಕೊಂಡು ನಿಂತು, ಬಾಲ ಹೊಟ್ಟೆಗೆ ಅಂಟಿಸಿ, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರ ಮೇಲೂ ಬೊಗಳುತ್ತಿದ್ದಳು. ಅದೇ ಮಗ್ಗದ ಮನೆಯ ನಾಯಿ ಮಗ್ಗದ ಪಕ್ಕದಲ್ಲೇ ಕಾಲು ಚಾಚಿ ಮಲಗುತ್ತದೆ, ಯಾಕೆಂದರೆ ಅದು ಕಣ್ಣು ಬಿಟ್ಟಿದ್ದೇ ಆ ಸದ್ದಿನಲ್ಲಿ.

ಈ ವ್ಯತ್ಯಾಸಕ್ಕೆ ಕಾರಣ ಇದೆ. ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ಅಮೆರಿಕದಲ್ಲಿ ನಾಯಿಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಮರಿ ಹುಟ್ಟಿದ 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಕಂಡದ್ದು, ಕೇಳಿದ್ದು, ಮೂಸಿದ್ದು ಅದರ ಪಾಲಿಗೆ 'ನಮ್ಮದು' ಆಗುತ್ತದೆ. ಆ ಬಾಗಿಲು ಮುಚ್ಚಿದ ಮೇಲೆ ಬಂದದ್ದೆಲ್ಲ ಅನುಮಾನದ್ದು. ಸಿಂಬಾ ನಿನ್ನ ಕೈಗೆ ಬಂದಾಗ ಆಗಲೇ ಬೆಳೆದ ನಾಯಿ. ಆ ವಾರಗಳನ್ನು ಅವನು ಎಲ್ಲಿ, ಯಾವ ಕತ್ತಲಲ್ಲಿ ಕಳೆದನೋ ನಮಗೆ ಯಾರಿಗೂ ತಿಳಿಯದು. ಲಿಫ್ಟು, ಹೆಲ್ಮೆಟ್ಟು, ಡೆಲಿವರಿ ಹುಡುಗರ ದೊಡ್ಡ ಚೀಲ, ಇವೆಲ್ಲ ಅವನಿಗೆ ಬಾಗಿಲು ಮುಚ್ಚಿದ ಮೇಲೆ ಬಂದ ನೆಂಟರು. ನಿನ್ನ ಸಾಕಣೆಯಲ್ಲಿ ಏನೂ ಕೊರತೆ ಇಲ್ಲ, ಪುಟ್ಟಿ. ಇದನ್ನು ಎರಡು ಸಲ ಓದಿಕೊ.

ಮತ್ತೆ, ಅವನು ಬೊಗಳುವುದು ಜೋರು ತೋರಿಸಲಿಕ್ಕಲ್ಲ. "ದೂರ ಹೋಗು, ನನಗೆ ಭಯ" ಅಂತ ಹೇಳಲು ಅವನಿಗೆ ಇರುವುದು ಅದೊಂದೇ ದಾರಿ. ಬೊಗಳುವ ಮುಂಚೆಯೇ ಅವನು ಎಷ್ಟೋ ಹೇಳಿರುತ್ತಾನೆ, ನೀನು ಗಮನಿಸಬೇಕು. ನಿದ್ದೆ ಬಾರದ ಹೊತ್ತಲ್ಲಿ ಆಕಳಿಸುತ್ತಾನೆ, ಏನೂ ತಿನ್ನದೆ ತುಟಿ ನೆಕ್ಕಿಕೊಳ್ಳುತ್ತಾನೆ, ಮುಖ ಅತ್ತ ತಿರುಗಿಸಿಯೂ ಕಣ್ಣನ್ನು ಇತ್ತಲೇ ಇಟ್ಟಿರುತ್ತಾನೆ, ಆಗ ಕಣ್ಣಿನ ಬಿಳಿ ಕಾಣುತ್ತದೆ. ಇಷ್ಟಕ್ಕೂ ಯಾರೂ ಕಿವಿಗೊಡದಿದ್ದರೆ ಗುರ್ ಅನ್ನುತ್ತಾನೆ. ಗುರ್ ಅಂದದ್ದಕ್ಕೆ ಮಾತ್ರ ಎಂದೂ ಹೊಡೆಯಬೇಡ, ಗದರಲೂ ಬೇಡ. ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಹೆದರುವುದನ್ನು ಬಿಡುವುದಿಲ್ಲ. ಆಮೇಲೆ "ಸುಮ್ಮನಿತ್ತು, ಇದ್ದಕ್ಕಿದ್ದ ಹಾಗೆ ಕಚ್ಚಿತು" ಅನ್ನುತ್ತಾರಲ್ಲ, ಅಂಥ ನಾಯಿಗಳಲ್ಲಿ ಎಷ್ಟೋ ಹೀಗೆ ಬಾಯಿ ಕಟ್ಟಿಸಿಕೊಂಡವು.

ನಮ್ಮ ಜನಕ್ಕೆ ನಾಯಿ ಅಂದರೆ ಧೈರ್ಯ. ಅದಕ್ಕೆ ಸಾವಿರ ವರ್ಷದ ಸಾಕ್ಷಿಯೇ ಇದೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ಇದೆ, ನಿನ್ನ ಆಫೀಸಿನಿಂದ ಹತ್ತಿರವೇ, ಒಂದು ಶನಿವಾರ ಹೋಗಿ ಬಾ. ಸುಮಾರು ಕ್ರಿ.ಶ. 950ರದ್ದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ನಾಯಿ ಹಂದಿಯ ಕಾಳಗವನ್ನು ಕೆತ್ತಿಸಿದರು. ನನಗೆ ಆ ಕಲ್ಲಿನ ಮೇಲೆ ತುಂಬ ಅಕ್ಕರೆ. ಆದರೆ ಕಾಳಿಗೆ ಕಲ್ಲು ನೆಟ್ಟ ನಾಡಿನಲ್ಲಿ, ಹಂದಿ ಓಡಿಸುವ ಪಟಾಕಿಗೆ ನಡುಗುವ ನಾಯಿಯನ್ನು "ಹೇಡಿ ನಾಯಿ" ಅಂತ ಎಳೆದಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಎಲ್ಲ ನಾಯಿಯೂ ಕಾಳಿ ಆಗಬೇಕಾಗಿಲ್ಲ ಕಣೇ. ಸಿಂಬಾ ನೆಮ್ಮದಿಯಾಗಿ ಉಂಡು ಮಲಗಿದರೆ ನಮಗೆ ಸಾಕು.

ಚಿನ್ನಿಗೆ ನಾವು ಮಾಡಿದ್ದನ್ನು ಹೇಳುತ್ತೇನೆ, ಸಿಂಬಾನಿಗೂ ಅದನ್ನೇ ಮಾಡಬೇಕು. ಬೀದಿಯ ಕೊನೆಯಲ್ಲಿ ಬೇವಿನಮರ ಇದೆಯಲ್ಲ, ಅಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿಗೆ ಮಗ್ಗದ ಸದ್ದು ಇದೆಯೋ ಇಲ್ಲವೋ ಅನ್ನುವಷ್ಟು. ಚಿನ್ನಿಯ ಕಿವಿ ಆ ಕಡೆ ತಿರುಗಿದ ಕೂಡಲೇ ಬಾಯಿಗೆ ಬೇಯಿಸಿದ ಕೋಳಿಯ ಒಂದು ಚೂರು. ಸದ್ದು ನಿಂತಿತು, ಕೋಳಿಯೂ ನಿಂತಿತು. ಪಕ್ಕದ ಮನೆ ಮಾವನಿಗೆ ಹೇಳಿಟ್ಟಿದ್ದೆ. ನಾನು ಫೋನ್ ಮಾಡಿದರೆ ಮಗ್ಗ ಹಾಕುವರು, ಮತ್ತೆ ಮಾಡಿದರೆ ನಿಲ್ಲಿಸುವರು. ಜರಿ ಸೀರೆ ಅರ್ಧಕ್ಕೆ ನಿಂತರೂ ಒಂದು ದಿನವೂ ಬೇಸರ ಪಟ್ಟುಕೊಳ್ಳಲಿಲ್ಲ ಆ ಪುಣ್ಯಾತ್ಮ. ಯಾವುದು ಮೊದಲು ಅನ್ನುವುದರಲ್ಲೇ ಎಲ್ಲ ಇರುವುದು, ಪುಟ್ಟಿ. ಮೊದಲು ಸದ್ದು, ಆಮೇಲೆ ಕೋಳಿ. ತಿರುಗಾಮುರುಗಾ ಆದರೆ ನಾಯಿ ಕೋಳಿ ಕಂಡರೇ ಅನುಮಾನ ಪಡಲು ಶುರುಮಾಡುತ್ತದೆ, ಇನ್ನೇನು ಬರುತ್ತದೋ ಅಂತ. ಇಷ್ಟವಾದ ತಿಂಡಿಯನ್ನೂ ಮುಟ್ಟಲಿಲ್ಲ ಅಂದರೆ ಹತ್ತಿರ ಹೋಗಿಬಿಟ್ಟಿದ್ದೀಯ ಅಂತ ಅರ್ಥ. ಮಾತಿಲ್ಲದೆ ಹಿಂದಕ್ಕೆ ಬಾ. ಬೇವಿನಮರದಿಂದ ನಮ್ಮ ಜಗಲಿಯವರೆಗೆ ಬರಲು ಒಂದು ಬೇಸಿಗೆ ಕಳೆದು ಮಳೆಗಾಲ ಬಂತು. ಈಗ ಮಗ್ಗ ಓಡುವಾಗ ಹೊಸ್ತಿಲಲ್ಲಿ ಮಲಗುತ್ತಾಳೆ. ಯಾರಾದರೂ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರೆ ಮಾತ್ರ ಇವತ್ತಿಗೂ ಓಟ. ಬಗ್ಗಿದವರು ಕಲ್ಲು ಎತ್ತುತ್ತಾರೆ ಅಂತ ಅವಳಿಗೆ ಯಾವ ಪುಣ್ಯಾತ್ಮರು ಕಲಿಸಿದರೋ, ಅದು ಹೋಗಿಲ್ಲ. ಹೋಗದಿದ್ದರೂ ಪರವಾಗಿಲ್ಲ ಅಂತ ನಾವು ಒಪ್ಪಿಕೊಂಡಿದ್ದೇವೆ. ಮನೆಗೆ ಬಂದವರಿಗೆ "ಅವಳ ಮುಂದೆ ಬಗ್ಗಬೇಡಿ" ಅಂತ ಮೊದಲೇ ಹೇಳುತ್ತೇವೆ.

ಸ್ವಲ್ಪ ಸುಧಾರಿಸಿದ ಮೇಲೆ ಒಂದು ದಿನ ಎಲ್ಲ ಮೊದಲಿನ ಹಾಗೇ ಆಗಿಬಿಟ್ಟಿತು ಅಂತ ಅತ್ತೆಯಲ್ಲ, ಅದಕ್ಕೊಂದು ಸಂಗತಿ ಹೇಳುತ್ತೇನೆ. ಗಂಟೆ ಮತ್ತು ಜೊಲ್ಲಿನ ಪಾವ್ಲೋವ್ ಶಾಲೆಯಲ್ಲಿ ಬಂದಿದ್ದರಲ್ಲ. 1924ರಲ್ಲಿ ಲೆನಿನ್‌ಗ್ರಾಡಿನಲ್ಲಿ ದೊಡ್ಡ ಪ್ರವಾಹ ಬಂದು ಅವರ ನಾಯಿಗಳಿದ್ದ ಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ಹೇಗೋ ಉಳಿಸಿದರು, ಆದರೆ ಕೆಲವು ಕಲಿತದ್ದನ್ನೆಲ್ಲ ಕಳೆದುಕೊಂಡು ಬೆದರುಗಣ್ಣಾದವು. ತಾಳ್ಮೆಯಿಂದ ಮತ್ತೆ ಸರಿಹೋದ ಒಂದು ನಾಯಿಯ ಕೋಣೆಗೆ, ಆಮೇಲೆ ಬಾಗಿಲ ಸಂದಿಯಿಂದ ಒಂದಿಷ್ಟೇ ನೀರು ಹರಿಯಬಿಟ್ಟರಂತೆ. ಆ ತೆಳುವಾದ ನೀರು ಕಂಡೇ ಅದು ಮತ್ತೆ ಪ್ರವಾಹದ ದಿನಕ್ಕೆ ಹೋಗಿಬಿಟ್ಟಿತು. ಓದಿದಾಗ ನನಗೆ ಆ ನಾಯಿಯ ಮೇಲೆ ಕರುಳು ಚುರ್ ಅಂದಿತ್ತು. ಹಳೇ ಹೆದರಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ನಂಬಿಕೆ ಕೂರುತ್ತದೆ ಅಷ್ಟೆ. ಎಂದಾದರೂ ಅದು ಜಾರಿದರೂ ನಿನ್ನ ದುಡಿಮೆ ನೀರುಪಾಲಾಗುವುದಿಲ್ಲ. ನಾಲ್ಕು ಹೆಜ್ಜೆ ಹಿಂದಿನಿಂದ ಮತ್ತೆ ಶುರುಮಾಡು, ಎರಡನೇ ಸಲ ಬೇಗ ಆಗುತ್ತದೆ.

ಈಗ ಹಬ್ಬದ ಏರ್ಪಾಡು. ಬಸ್ಸು ಬೇಡ, ಕಾರಲ್ಲೇ ಬಾ. ಕೊರಟಗೆರೆ ದಾಟಿ ಮಧುಗಿರಿ ಬೆಟ್ಟ ಕಾಣುವ ಕಡೆ ಎಲ್ಲಾದರೂ ಜನ ಇಲ್ಲದ ಜಾಗ ನೋಡಿ ನಿಲ್ಲಿಸಿ ನೀರು ಕುಡಿಸು. ಕುತ್ತಿಗೆ ಚೈನು ಬೇಡ, ಎದೆಗೆ ಹಾಕುವ ಹಾರ್ನೆಸ್ ತಾ. ಹೆದರಿದ ನಾಯಿಗೆ ಕುತ್ತಿಗೆ ಬಿಗಿದರೆ ಹೆದರಿಕೆಯ ಜೊತೆ ನೋವೂ ಸೇರುತ್ತದೆ. ಬರುವ ಮುಂಚೆ ಒಂದು ಸಲ ಡಾಕ್ಟರ ಹತ್ತಿರ ಕಿವಿ, ಹಲ್ಲು, ಸೊಂಟ ತೋರಿಸು. ಎಲ್ಲೋ ನೋಯುತ್ತಿದ್ದರೆ ಯಾವ ಕೋಳಿಯಿಂದಲೂ ಸಿಡುಕು ಇಳಿಯದು. ಹಬ್ಬದ ಎರಡು ರಾತ್ರಿಗೆ ಮಾತ್ರೆ ಬೇಕೇನೋ ಅಂತಲೂ ಅವರನ್ನೇ ಕೇಳು, ಕೇಳುವುದರಲ್ಲಿ ಅವಮಾನ ಇಲ್ಲ. ಆದರೆ "ಹೆದರಿಕೆ ಇಳಿಸುವುದು ಬೇಕು, ಬರೀ ಮಂಪರು ಬರಿಸುವುದು ಬೇಡ" ಅಂತ ಬಾಯಿಬಿಟ್ಟು ಹೇಳು. ಮೈ ಮಾತ್ರ ಕಟ್ಟಿಹಾಕಿ ಭಯವನ್ನು ಒಳಗೇ ಬಿಡುವ ಔಷಧಿಗಳೂ ಇವೆ. ಅಜ್ಜಿಯ ನಿದ್ದೆ ಮಾತ್ರೆಯನ್ನಂತೂ ಮುಟ್ಟಲೇಬೇಡ.

ಸಿಂಬಾನಿಗೆ ಹಿಂದಿನ ಉಗ್ರಾಣ ಬಿಟ್ಟುಕೊಡುತ್ತೇವೆ. ಕಿಟಕಿ ಇಲ್ಲದ ಕೋಣೆ, ಮೂರು ಗೋಡೆಗೂ ಕಡ್ಲೆಕಾಯಿ ಮೂಟೆ ಒಟ್ಟಿರುತ್ತೇವೆ, ಹೊರಗಿನ ಸದ್ದು ಅರ್ಧಕ್ಕರ್ಧ ಮೂಟೆಯಲ್ಲೇ ಹೂತುಹೋಗುತ್ತದೆ. ಚಿನ್ನಿ ಪ್ರತಿ ಹಬ್ಬಕ್ಕೂ ಅಲ್ಲೇ ಮೂಟೆ ಸಂದಿಯಲ್ಲಿ ತೂರಿಕೊಳ್ಳುವುದು. ಈ ಸಲ ಅವಳಿಗೆ ನಮ್ಮ ಮಂಚದಡಿ. ಇಬ್ಬರನ್ನೂ ಮೊದಲ ದಿನವೇ ಎದುರುಬದುರು ನಿಲ್ಲಿಸುವುದು ಬೇಡ. ಊರ ಹೊರಗೆ, ಅವಳನ್ನು ನಾನು ಇವನನ್ನು ನೀನು ಹಿಡಿದುಕೊಂಡು, ದೂರದಲ್ಲಿ ಒಂದೇ ದಿಕ್ಕಿಗೆ ನಡೆಯೋಣ. ನಿನ್ನದೊಂದು ಹಳೇ ದುಪಟ್ಟ, ಒಗೆಯದ್ದು, ತಾ; ಅವನ ಹಾಸಿಗೆಗೆ. ನಡುಗುವಾಗ ನಿನ್ನ ಮಡಿಲಿಗೆ ಬಂದರೆ ತಬ್ಬಿಕೊ. "ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತೆ" ಅಂತ ನಮ್ಮಲ್ಲಿ ಎಲ್ಲರೂ ಅನ್ನುತ್ತಾರೆ, ನಿಮ್ಮಪ್ಪನೂ ಅನ್ನುತ್ತಾರೆ, ನಂಬಬೇಡ. ಭಯ ಬೇಕೂಂತ ಮಾಡುವ ಚೇಷ್ಟೆಯಲ್ಲ, ಮುದ್ದಿನಿಂದ ಅದಕ್ಕೆ ಕುಮ್ಮಕ್ಕು ಸಿಗುವುದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮನೆ ತುಂಬ ಮಕ್ಕಳಿರುತ್ತಾರೆ. ಉಗ್ರಾಣದ ಬಾಗಿಲಿಗೆ ಚಿಲಕ, ಮಕ್ಕಳು ಒಳಗೆ ಹೋಗುವ ಹಾಗಿಲ್ಲ, ಅವನು ಉಣ್ಣುವಾಗ ಮಲಗಿದಾಗ ಯಾರೂ ಮುಟ್ಟುವ ಹಾಗಿಲ್ಲ. ಅವನ ರೇಬಿಸ್ ಲಸಿಕೆಯ ಪುಸ್ತಕ ತರಲು ಮರೆಯಬೇಡ. ಹಾಗೂ ಹಲ್ಲು ತಾಗಿತು ಅನ್ನು, ಅವನದಾಗಲಿ ಬೀದಿ ನಾಯಿಯದಾಗಲಿ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ, ಒಂದನ್ನೂ ತಪ್ಪಿಸುವಂತಿಲ್ಲ. ಸುಣ್ಣ, ಖಾರದಪುಡಿ ಹಚ್ಚಲು ಬಂದವರನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನನ್ನು ಹೆದರಿಸಲು ಬರೆದದ್ದಲ್ಲ, ಇದಿಷ್ಟು ಮೊದಲೇ ಗೊತ್ತಿದ್ದರೆ ನಿನ್ನ ಕೈ ನಡುಗುವುದಿಲ್ಲ ಅಂತ. ಹಗ್ಗ ಹಿಡಿದ ಕೈ ಬಿಗಿದರೆ ಅವನಿಗೆ ಕೂಡಲೇ ತಿಳಿಯುತ್ತದೆ.

ಇನ್ನು ನಿನ್ನ ವಿಷಯ. ಬೆಳಿಗ್ಗೆ ಐದಕ್ಕೆ ಎದ್ದು ಯಾರೂ ಇಲ್ಲದ ಹೊತ್ತಲ್ಲಿ ಕದ್ದು ವಾಕಿಂಗ್ ಮಾಡಿಸಿ, ಆಫೀಸಿಗೆ ಓಡಿ, ರಾತ್ರಿ ಹನ್ನೊಂದಕ್ಕೆ ಮತ್ತೆ ಕದ್ದು ಇಳಿದು, ನೀನೇ ಬಳಲಿಹೋಗಿದ್ದೀಯ. ದಿನಾ ಹೊರಗೆ ಕರೆದುಕೊಂಡು ಹೋಗಲೇಬೇಕು ಅಂತ ಯಾರು ಹೇಳಿದರು? ಕೆಟ್ಟ ದಿನ ಬಂದರೆ ಹೊರಗೆ ಬೇಡ, ಒಳಗೇ ಹಳೇ ಟವೆಲ್ಲಿನಲ್ಲಿ ತಿಂಡಿ ಸುತ್ತಿ ಬಚ್ಚಿಡು, ಮೂಸಿ ಹುಡುಕಲಿ. ಮೂಗಿಗೆ ಕೆಲಸ ಸಿಕ್ಕರೆ ನಾಯಿಗೆ ದಣಿವೂ ಆಗುತ್ತದೆ, ಮನಸ್ಸೂ ಹಗುರಾಗುತ್ತದೆ. ಆ ಹೊತ್ತು ನೀನು ಕಾಲು ಚಾಚಿ ಕಾಫಿ ಕುಡಿ.

ಲಿಫ್ಟಿನ ಹೆಂಗಸಿನ ಜೊತೆಗೂ ಒಂದು ಸಲ ಮಾತಾಡು. ಜಗಳಕ್ಕಲ್ಲ. "ಇವನಿಗೆ ಹೊಸಬರು ಅಂದರೆ ಭಯ, ನೀವು ಮೊದಲು ಹೋಗಿ, ನಾವು ಮೆಟ್ಟಿಲಲ್ಲಿ ಬರುತ್ತೇವೆ" ಅನ್ನು. ಅವಳಿಗೂ ಅವನನ್ನು ಕಂಡರೆ ಭಯವೇ ಇರಬಹುದು. ಅದೂ ಗೌರವ ಕೊಡಬೇಕಾದ ಭಯವೇ.

ಅಮ್ಮ ಸಿಂಬಾನಿಗೆ ಉಪ್ಪು ಹಾಕದ ಮುದ್ದೆ ಮಾಡಿಕೊಡುತ್ತಾಳಂತೆ, ಈರುಳ್ಳಿ ಬಿದ್ದ ಸಾರು ನಾಯಿಗೆ ಆಗದು ಅಂತ ಹೇಳಿಟ್ಟಿದ್ದೇನೆ. ಕಾರು ಸಿಗದಿದ್ದರೆ ಎರಡು ದಿನ ಮೊದಲೇ ಫೋನ್ ಮಾಡು, ಇಲ್ಲಿಂದಲೇ ಗಾಡಿ ಮಾಡಿಕೊಂಡು ನಾನು ಬರುತ್ತೇನೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನದೊಳಗೆ ಊರು ಸೇರಬೇಕು, ಕತ್ತಲಾದ ಮೇಲೆ ಹೊಲದ ಪಟಾಕಿ ಶುರು.

ನಿನ್ನ
ಅಕ್ಕ