ಬೇತಾಳನ ಪಕ್ಕೆಲುಬು

ಬೇತಾಳನನ್ನು ಬಿಡಿಸುವವರು ತಲೆಯಿಂದ ಶುರುಮಾಡಬಾರದು. ಎರಡು ಕುಳಿ, ಒಂದು ಮೂಗಿನ ತೂತು, ಹಲ್ಲಿನ ಸಾಲು ಬರೆದುಬಿಟ್ಟರೆ ಅರ್ಧ ಕೆಲಸ ಮುಗಿಯಿತು ಅನ್ನಿಸುತ್ತದೆ. ಆಮೇಲೆ ಕಾಲಿಗೆ ಹಾಳೆಯಲ್ಲಿ ಜಾಗವೇ ಉಳಿದಿರುವುದಿಲ್ಲ. ಮೊದಲು ಬೆನ್ನುಮೂಳೆ. ಅದೂ ನೆಟ್ಟಗಲ್ಲ, ತುಸು ಬಾಗಿದ ಒಂದೇ ಗೆರೆ. ಎದೆಗೂಡಿಗೆ ಒಂದು ಉದ್ದನೆಯ ದುಂಡು, ಸೊಂಟಕ್ಕೆ ಇನ್ನೊಂದು ಚಿಕ್ಕದು, ತಲೆ ಕೊನೆಗೆ.

"ದೊಡ್ಡಪ್ಪ, ಫೋನಲ್ಲಿ ಹೀಗೆ ಹೇಳಿಕೊಡಲ್ಲ" ಅಂದಳು ತಮ್ಮನ ಮಗಳು. ಅವಳ ಫೋನಿನ ಎಲುಬುಗನಿಗೆ ಕೊಂಬಿದೆ, ಹರಿದ ರೆಕ್ಕೆಯಿದೆ, ಕಣ್ಣಲ್ಲಿ ನೀಲಿ ಬೆಂಕಿಯಿದೆ. ಇಷ್ಟೆಲ್ಲ ಸಾಮಾನು ಹೇರಿಕೊಂಡವನಿಗೆ ಪಕ್ಕೆಲುಬು ಸರಿಯಿಲ್ಲದಿದ್ದರೂ ನಡೆಯುತ್ತದೆ. ನನ್ನ ಬೇತಾಳನಿಗೆ ಆ ಅನುಕೂಲವಿಲ್ಲ.

ನಾನು ಅವನನ್ನು ಮೊದಲು ಕಂಡದ್ದು ಚಂದಮಾಮದಲ್ಲಿ. ಸೋದರಮಾವನ ಮನೆಯ ಅಟ್ಟದಲ್ಲಿ ಹಳೆಯ ಸಂಚಿಕೆಗಳನ್ನು ದಬ್ಬಣದಿಂದ ಹೊಲಿದು ಇಟ್ಟಿದ್ದರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹೆಜ್ಜೆ ಹಾಕುವ ರಾಜ ವಿಕ್ರಮ. ಆ ಚಿತ್ರ ಬರೆದವರು ಕೆ.ಸಿ. ಶಿವಶಂಕರನ್ ಎಂದು ತಿಳಿದದ್ದು ಬಹಳ ತಡವಾಗಿ. ಶಂಕರ್ ಎಂದೇ ಹೆಸರಾಗಿದ್ದ ಅವರು 2020ರಲ್ಲಿ ತೀರಿಕೊಂಡರು. ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ಕಥಾಸರಿತ್ಸಾಗರದೊಳಗೆ ಬೇತಾಳನ 25 ಕಥೆಗಳನ್ನು ಸೇರಿಸಿದ. ಚಂದಮಾಮದವರಿಗೆ ಅಷ್ಟು ಸಾಲಲಿಲ್ಲ; 25 ಮುಗಿದ ಮೇಲೂ ವರ್ಷಗಟ್ಟಲೆ ಆ ಹೆಣದ ಬಾಯಲ್ಲಿ ಹೊಸ ಹೊಸ ಕಥೆ ಹೇಳಿಸಿದರು. ನನಗೆ ಅದರಲ್ಲಿ ಒಂದು ತಕರಾರೂ ಇಲ್ಲ.

ಎರಡನೆಯ ಭೇಟಿ ದೊಡ್ಡಗದ್ದವಳ್ಳಿಯಲ್ಲಿ. ಹಾಸನದಿಂದ ಬೇಲೂರಿನ ಕಡೆ ಹೋಗುವಾಗ ಸಿಗುವ ಊರು, ಕೆರೆಯ ಪಕ್ಕದಲ್ಲಿ ಲಕ್ಷ್ಮೀದೇವಿ ದೇಗುಲ. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿಗಳಲ್ಲಿ ಒಂದು ಕಾಳಿಯದು. ಅದರ ಮುಂದೆ ಆಳೆತ್ತರದ ಇಬ್ಬರು ಬೇತಾಳರು ಕಾವಲು ನಿಂತಿದ್ದಾರೆ, ಮೈಮೇಲೆ ನೂಲಿನೆಳೆಯಿಲ್ಲದೆ. (2020ರಲ್ಲಿ ಒಳಗಿನ ಕಾಳಿಯ ವಿಗ್ರಹವೇ ಒಡೆದುಹೋಯಿತು. ಕಾವಲಿನವರನ್ನು ಯಾರೂ ವಿಚಾರಿಸಲಿಲ್ಲವೆಂದು ಕಾಣುತ್ತದೆ.)

ಬಿಸಿಲಿನಿಂದ ಒಳಗೆ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ತೋರುವುದು ಎದೆಗೂಡು. ನಾನು ಪೆನ್ಸಿಲು ತೆಗೆದದ್ದು ಅಲ್ಲೇ. ಮನುಷ್ಯನಿಗೆ ಪಕ್ಕೆಲುಬು 12 ಜೊತೆ. ಮೇಲಿನ 7 ಜೊತೆ ನೇರ ಎದೆಮೂಳೆಗೆ ಸೇರುತ್ತವೆ, ಅವುಗಳ ಕೆಳಗಿನ 3 ಜೊತೆ ತಮ್ಮ ಮೇಲಿನದನ್ನು ಆತುಕೊಳ್ಳುತ್ತವೆ, ಕೊನೆಯ 2 ಜೊತೆಗೆ ಮುಂದೆ ಆಸರೆಯೇ ಇಲ್ಲ. ಎಲ್ಲವೂ ಬೆನ್ನಿನಿಂದ ಕೆಳಮುಖವಾಗಿ ಇಳಿದು ಎದೆಯ ಕಡೆಗೆ ತಿರುಗುತ್ತವೆ. ಅಡ್ಡಗೆರೆಗಳನ್ನು ಏಣಿಯಂತೆ ಎಳೆದರೆ ಅದು ಎದೆಯಾಗುವುದಿಲ್ಲ. ಬಿಡಿಸುವವರು ಒಳಗಿನಿಂದ ಹೊರಗೆ ಬರುತ್ತೇವೆ: ಮೂಳೆ, ಆಮೇಲೆ ಚರ್ಮ. ಹೊಯ್ಸಳರ ಶಿಲ್ಪಿಗೆ ಹೊರಗಿನಿಂದ ಒಳಗೆ ಹೋಗಬೇಕಿತ್ತು. ಬಳಪದ ಕಲ್ಲು ಮೆದುವಾದರೂ ಉಳಿ ಒಮ್ಮೆ ಒಳಗಿಳಿದರೆ ರಬ್ಬರು ಹಾಕುವಂತಿಲ್ಲ. ಹಸಿದ ಮೈಯನ್ನು ಕೆತ್ತಲು ತುಂಬಿದ ಮೈ ಎಲ್ಲಿಯವರೆಗೆ ಇರುತ್ತಿತ್ತೆಂದು ತಿಳಿದಿರಬೇಕು. ಆಭರಣ ಹೇರಿದ ಮದನಿಕೆಗಿಂತ ಇದು ಕಷ್ಟದ ಕೆಲಸವೆಂದು ನನ್ನ ಲೆಕ್ಕ. ಮದನಿಕೆಗೆ ಸರ ಇದೆ, ಸೊಂಟಪಟ್ಟಿ ಇದೆ, ಸಂದೇಹ ಬಂದಲ್ಲೆಲ್ಲ ಒಂದು ಒಡವೆ ಮುಚ್ಚುತ್ತದೆ. ಬೇತಾಳನಿಗೆ ಮುಚ್ಚಿಕೊಳ್ಳಲು ಏನಿದೆ?

ಮೂಳೆ ಸರಿಯಾದರೂ ಬೇತಾಳ ಆಗಿಬಿಡುವುದಿಲ್ಲ. ಕಥೆಯ ಪ್ರಕಾರ ಅವನಿಗೆ ಸ್ವಂತ ಮೈಯಿಲ್ಲ. ಮಸಣದ ಮರಕ್ಕೆ ತೂಗಿದ ಹೆಣದೊಳಗೆ ಸೇರಿಕೊಂಡವನು. ಮುಂಗಡ ಕೊಡದೆ ಮನೆ ಹೊಕ್ಕ ಬಾಡಿಗೆದಾರ. ಅದಕ್ಕೇ ಅವನನ್ನು ಬಿಡಿಸುವವರು ಒಂದೇ ಹಾಳೆಯಲ್ಲಿ ಇಬ್ಬರನ್ನು ಬಿಡಿಸಬೇಕು: ಸತ್ತವನೊಬ್ಬ, ಒಳಗೆ ಕೂತವನೊಬ್ಬ. ಸತ್ತವನು ಪಕ್ಕೆಲುಬಿನಲ್ಲಿ, ಒಳಸೇರಿದ ಹೊಟ್ಟೆಯಲ್ಲಿ, ಗಂಟು ಗಂಟಾದ ಮೊಣಕಾಲಿನಲ್ಲಿ ಸಿಗುತ್ತಾನೆ. ಇನ್ನೊಬ್ಬನನ್ನು ಹುಡುಕಬೇಕಾದದ್ದು ನಿಲುವಿನಲ್ಲಿ. ಭಾರವನ್ನು ಒಂದೇ ಕಾಲಿಗೆ ಬಿಟ್ಟು ಸೊಂಟವನ್ನು ಒಂದಿಷ್ಟು ಓರೆಮಾಡಿ, ಒಂದು ಹೆಗಲು ತಗ್ಗಿಸಿದರೆ ಸಾಕು, ಹೆಣ ಎದ್ದು ಕೂರುತ್ತದೆ. ವೈದ್ಯಕೀಯ ಕಾಲೇಜಿನ ಕೊಕ್ಕೆಗೆ ನೇತುಹಾಕಿದ ಅಸ್ಥಿಪಂಜರ ಯಾರನ್ನೂ ಹೆದರಿಸದೆ ಇರುವುದು ಅದಕ್ಕೇ ಇರಬೇಕು, ಅದರ ಎರಡು ಹೆಗಲೂ ಸಮ.

ಕಣ್ಣಿನ ವಿಷಯದಲ್ಲಿ ನನಗೂ ತಮ್ಮನ ಮಗಳಿಗೂ ಜಗಳವಾಯಿತು. ಕುಳಿ ಖಾಲಿಯಿರಬೇಕು ಎನ್ನುವುದು ಅವಳ ವಾದ, ಗುಡ್ಡೆ ಬೇಕೇ ಬೇಕು ಎಂಬುದು ನನ್ನದು. ಕೊನೆಗೆ ಒಂದು ಕಣ್ಣು ಅವಳ ಇಷ್ಟದಂತೆ, ಇನ್ನೊಂದು ನನ್ನಿಷ್ಟದಂತೆ ಆಯಿತು. ಒಪ್ಪಂದದ ಬೇತಾಳ ನಾವಿಬ್ಬರೂ ಬೇರೆ ಬೇರೆ ಬಿಡಿಸಿದ್ದಕ್ಕಿಂತ ಭಯಂಕರವಾಗಿದ್ದ.

ಬಾಯಿ ಮುಚ್ಚುವುದೋ ತೆರೆಯುವುದೋ ಎಂದು ಕೇಳಿದಳು. ಕಥೆ ಹೇಳುವವನು, ತೆರೆದಿರಲಿ ಅಂದೆ. "ಹಾಗಾದ್ರೆ ನಾಲಿಗೆ ಬೇಕಲ್ಲ. ನಾಲಿಗೆಗೆ ಮೂಳೆ ಇಲ್ಲ ಅಂತಾರಲ್ಲ?" ಅಂದವಳು ಉತ್ತರಕ್ಕೆ ಕಾಯದೆ ಕೆಂಪು ಪೆನ್ಸಿಲು ಎತ್ತಿಕೊಂಡು, ಹಾಳೆಯಲ್ಲಿ ಬೇರೆಲ್ಲೂ ಇಲ್ಲದ ಆ ಬಣ್ಣದಲ್ಲಿ ಗದ್ದ ದಾಟುವಷ್ಟು ಉದ್ದದ ನಾಲಿಗೆ ಎಳೆದಳು. ವಿಕ್ರಮನನ್ನು ಬಿಡಿಸುವುದು ಬೇಡವಂತೆ. ಅವನು ಮಾತೇ ಆಡಲ್ಲವಲ್ಲ, ಅಂದಳು.