ಅದೆಲ್ಲ ಮಾಮೂಲು

ನಮ್ಮ ಮನೆಯಂಗಳಕ್ಕೆ ಕಾರು ಬಂದದ್ದು 2016ರಲ್ಲಿ. ಅದಾಗಲೇ ಮೂರು ವರ್ಷ ಬೇರೊಬ್ಬರ ಕೈಯಲ್ಲಿ ಓಡಿದ್ದ 2013ರ ಸಣ್ಣ ಕಾರು. ಬ್ಯಾಂಕಿನ ಗುಮಾಸ್ತನಿಗೆ ಸಾಲ ಸಿಗುವುದು ಸುಲಭ, ತೀರಿಸುವುದು ಮಾತ್ರ ಎಲ್ಲರಷ್ಟೇ ಕಷ್ಟ. ಐದು ವರ್ಷ ಕಂತು ಕಟ್ಟಿ ಮುಗಿದ ದಿನ ಮನೆಯವಳು ಪಾಯಸ ಮಾಡಿದ್ದಳು. ನೀರ್ಚಾಲಿನಿಂದ ಕುಂಬಳೆಗೆ ಬಸ್ಸಿಗೆ ಕಾದು ನಿಂತೇ ಅರ್ಧ ಆಯುಷ್ಯ ಕಳೆದ ನನ್ನ ತಂದೆಯವರು ಕೊನೆಯ ಎರಡು ವರ್ಷ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಹೋಗಿ ಬಂದರು. ಹಾಗಾಗಿ ಅದು ನಮಗೆ ಬರೀ ಕಾರಲ್ಲ.

ಹೆದ್ದಾರಿ 66ರ ಅಗಲೀಕರಣ ನಡೆದ ವರ್ಷಗಳಲ್ಲಿ ಕಾಸರಗೋಡಿನವರೆಲ್ಲ ಸರ್ವಿಸ್ ರೋಡಿನ ಹೊಂಡ ಹತ್ತಿ ಇಳಿದವರೇ. ಮನುಷ್ಯರ ಸೊಂಟ ಮಾತಾಡಿತು, ವಾಹನಗಳ ಸೊಂಟವೂ ಮಾತಾಡಿತು. ನಮ್ಮ ಕಾರು 2025ರ ಮಳೆಗಾಲದಲ್ಲಿ ಮಾತಾಡಲು ತೊಡಗಿತು. ಹೊಂಡಕ್ಕೆ ಇಳಿದರೆ ಮುಂದಿನ ಎಡಚಕ್ರದ ಕಡೆಯಿಂದ ‘ಕಟಕ್’, ಹತ್ತಿದರೆ ಮತ್ತೊಮ್ಮೆ ‘ಕಟಕ್’. ನವರಾತ್ರಿ ಕಳೆಯುವಷ್ಟರಲ್ಲಿ ಸಮತಟ್ಟಾದ ರಸ್ತೆಯಲ್ಲೂ ಗೊಣಗುವ ಅಭ್ಯಾಸ ಬಂತು. ಇನ್ನು ತಡ ಮಾಡಬಾರದೆಂದು ಅರ್ಧ ದಿನ ರಜೆ ಹಾಕಿ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋದೆ. ಯಾವ ಕಂಪನಿ, ಯಾವ ಊರು ಎಂದು ಹೇಳುವುದಿಲ್ಲ. ಅನುಭವ ಎಲ್ಲ ಕಡೆಯದ್ದೂ ಒಂದೇ.

ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕಾಗದದ ಲೋಟದಲ್ಲಿ ಕಾಫಿ. ನಮ್ಮ ಬ್ಯಾಂಕಿನಲ್ಲಿ ಗ್ರಾಹಕರಿಗೆ ಕೂರಲು ಕುರ್ಚಿ ಸಿಕ್ಕಿದರೆ ಪುಣ್ಯ. ಇಲ್ಲಿಯ ಸೋಫಾದಲ್ಲಿ ಕೂತಾಗಲೇ ನನಗೆ ಸ್ವಲ್ಪ ಭಯವಾಯಿತು, ಈ ಸೋಫಾದ ದುಡ್ಡನ್ನು ಯಾರೋ ಕೊಡಬೇಕಲ್ಲ ಎಂದು. ಮುಕ್ಕಾಲು ಗಂಟೆ ಕಳೆದು ಒಬ್ಬ ಹುಡುಗ ಬಂದ. ತೆಂಕಣ ಜಿಲ್ಲೆಯವನು, ವಿನಯವಂತ. ಅವನ ಮಲೆಯಾಳ ನಮ್ಮ ಕಾಸರಗೋಡಿನ ಮಲೆಯಾಳದ ಹಾಗಲ್ಲ, ಎಕ್ಸ್‌ಪ್ರೆಸ್ ರೈಲಿನ ಹಾಗೆ. ನನ್ನಂಥ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿದ್ದ ಎಸ್ಟಿಮೇಟ್ ಇಂಗ್ಲಿಷಿನದ್ದು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮಾಡಿದ ನಾನು ಎರಡರ ನಡುವೆ ತಲೆಯಾಡಿಸುತ್ತ ಕೂತೆ.

ಸ್ಟಿಯರಿಂಗ್ ರ‍್ಯಾಕ್ ಪೂರ್ತಿ ಹೊಸತು, 16,800. ಶಾಕ್ ಅಬ್ಸಾರ್ಬರ್ ಎರಡು, 7,400. ಲೋವರ್ ಆರ್ಮ್ ಎರಡು, 5,200. ಲಿಂಕ್ ರಾಡ್ 1,900. ಎಂಜಿನಿನ ಇಂಗಾಲ ತೆಗೆಯುವುದಕ್ಕೆ 2,400. ಎ.ಸಿ. ಶುದ್ಧಿಗೆ 1,450. ಇಲಿ ಬಾರದಂತೆ ಸಿಂಪಡಿಸುವ ಔಷಧಿಗೆ 850. ಅಲೈನ್‌ಮೆಂಟ್ 900. ಕೂಲಿ 5,700. ತೆರಿಗೆಯೂ ಸೇರಿ ಒಟ್ಟು 42,600 ರೂಪಾಯಿ. ಆ ಕಾರನ್ನು ಮಾರಿದರೆ ಒಂದು ಲಕ್ಷ ಬರುವುದು ಸಂಶಯ. ಮೂಗಿಗಿಂತ ಮೂಗುತಿ ಭಾರ ಎಂದು ಅಜ್ಜಿ ಹೇಳುತ್ತಿದ್ದದ್ದು ಇದಕ್ಕೇ ಇರಬೇಕು. ಮಂಗಳೂರಿನಲ್ಲಿ ಓದುವ ಮಗಳ ಹಾಸ್ಟೆಲ್ ಶುಲ್ಕ ಕಟ್ಟಬೇಕಾದ ತಿಂಗಳು ಬೇರೆ.

ಧೈರ್ಯ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದೆ: “ಇದೆಲ್ಲವೂ ಬೇಕಾ?”

“ಅದೆಲ್ಲ ಮಾಮೂಲು, ಸರ್. ಈ ವಯಸ್ಸಿನ ವಂಡಿಗೆ ಎಲ್ಲರೂ ಮಾಡಿಸುವುದೇ” ಎಂದ ಹುಡುಗ.

ಆ ಮಾತನ್ನು ನಾನು ಎಲ್ಲೋ ಕೇಳಿದ್ದೇನೆ ಅನಿಸಿತು. ಎಲ್ಲಿ ಎಂದು ಆಗ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತ ಇಬ್ಬರು ಸರಸರನೆ ಒಪ್ಪಿಗೆ ಕೊಟ್ಟು ಹೋದರು. ಮತ್ತೆ ಕೇಳಿದರೆ ನನಗೆ ಕಾರೂ ತಿಳಿಯದು, ಮಲೆಯಾಳವೂ ತಿಳಿಯದು, ಕಿಸೆಯಲ್ಲಿ ದುಡ್ಡೂ ಇಲ್ಲ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಹಾಗೆ. ಸರಿ ಎಂದುಬಿಟ್ಟೆ.

ನನ್ನನ್ನು ಕಾಪಾಡಿದ್ದು ನನ್ನ ಬುದ್ಧಿಯಲ್ಲ, ಒಂದು ಒಟಿಪಿ. ಒಪ್ಪಿಗೆಗೆ ಈಗ ಸಹಿ ಬೇಡವಂತೆ, ಫೋನಿಗೆ ಬರುವ ಸಂಖ್ಯೆ ಹೇಳಿದರೆ ಸಾಕಂತೆ. ಕೌಂಟರಿನಲ್ಲಿ ಕೂತವನಿಗೆ ಫೋನ್ ಎತ್ತಲಾಗುವುದಿಲ್ಲವೆಂದು ಕಾರಿನ ಎಲ್ಲ ಕಾಗದಗಳಲ್ಲಿ ಮನೆಯವಳ ನಂಬರು ಕೊಟ್ಟಿದ್ದೆ. ಅವಳಿಗೆ ಫೋನ್ ಮಾಡಿದೆ.

“ನಿನ್ನ ಫೋನಿಗೆ ಒಂದು ನಂಬರು ಬಂದುಂಟಾ? ಹೇಳು.”

“ಬಂದುಂಟು. ಎಂತಕ್ಕೆ?”

“ಕಾರಿನ ರಿಪೇರಿಗೆ. ನಲವತ್ತೆರಡು ಸಾವಿರದ ಆರುನೂರು.”

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಕಾರಿಗೆ ಎಂತ ಆಗಿದೆ?”

ಕಟಕ್ ಎನ್ನುತ್ತದೆ ಎಂಬುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಗೊತ್ತಿದ್ದದ್ದೂ ಅಷ್ಟೆ.

“ಒಟಿಪಿ ಯಾರು ಕೇಳಿದರೂ ಕೊಡಬೇಡ ಅಂತ ದಿನಾ ಹೇಳುವುದು ನೀವೇ ಅಲ್ವಾ? ನಾನು ಕೊಡುವುದಿಲ್ಲ. ಎಂತ ಆಗಿದೆ ಅಂತ ತಿಳಿದುಕೊಂಡು ಬನ್ನಿ” ಎಂದು ಫೋನ್ ಇಟ್ಟಳು.

ಹುಡುಗನಿಗೆ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ನೋಡಿದ್ದಕ್ಕೆ ಸಣ್ಣದೊಂದು ಶುಲ್ಕ ಕಟ್ಟಿ, ಎಸ್ಟಿಮೇಟನ್ನು ಮಡಚಿ ಕಿಸೆಗೆ ಹಾಕಿ ಹೊರಬಿದ್ದೆ.

ಮರುದಿನ ಸೀತಾಂಗೋಳಿಯಲ್ಲಿ ಇಚ್ಚನ ಗ್ಯಾರೇಜಿಗೆ ಹೋದೆ. ಹೆಸರು ಬೇರೆ ಇದೆ, ಆದರೆ ಊರಿಗೆಲ್ಲ ಅವರು ಇಚ್ಚನೇ. ನಮ್ಮೊಡನೆ ತುಳು, ಕೆಲಸದ ಹುಡುಗನೊಡನೆ ಮಲೆಯಾಳ, ಬೇಕಾದಲ್ಲಿ ಕನ್ನಡ. ಕಾರಿನ ಭಾಗಗಳಿಗೆ ಮಾತ್ರ ಎಲ್ಲರೊಡನೆಯೂ ಇಂಗ್ಲಿಷು. ಎಸ್ಟಿಮೇಟ್ ತೋರಿಸಿದೆ. ಓದಲಿಲ್ಲ, ಪಕ್ಕಕ್ಕಿಟ್ಟರು. ಮೊದಲು ಬಾನೆಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟರು. ಕಾರು ಒಮ್ಮೆ ಎದ್ದು ಹಾಗೆಯೇ ನಿಂತಿತು. “ಶಾಕ್ ಹೋಗಿದ್ದರೆ ತೊಟ್ಟಿಲಿನ ಹಾಗೆ ತೂಗಬೇಕಿತ್ತು, ಸಾರೇ.” ಜಾಕ್ ಕೊಟ್ಟು ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದರು, ಸ್ಟಿಯರಿಂಗ್ ಕಡೆಯ ಸಡಿಲು ಇದರಲ್ಲಿ ತಿಳಿಯುತ್ತದಂತೆ. ಸಡಿಲಿರಲಿಲ್ಲ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಬಾಲ್ ಜಾಯಿಂಟು, ಬೇರಿಂಗು ತಿಳಿಯುತ್ತದಂತೆ. ಅದೂ ಸರಿಯಿತ್ತು. ಕೊನೆಗೆ ಕಬ್ಬಿಣದ ಸರಳೊಂದನ್ನು ಲೋವರ್ ಆರ್ಮಿನ ಬುಡಕ್ಕೆ ಕೊಟ್ಟು ಮೀಟಿದರು. ಕಟಕ್!

“ಇಲ್ಲಿ ಕೈ ಇಡಿ” ಎಂದರು. ಇಟ್ಟೆ. ಆರ್ಮು ಗಟ್ಟಿಯಾಗಿತ್ತು. ಅದರ ಕಿವಿಯೊಳಗೆ ಕೂತ ರಬ್ಬರಿನ ಬುಷ್ ಹರಿದು ಹೋಗಿತ್ತು. ಲಿಂಕ್ ರಾಡಿನ ಗಂಟೂ ಸಡಿಲಾಗಿತ್ತು. ಅಷ್ಟೇ ರೋಗ. ಕಂಪನಿಯಲ್ಲಿ ಬುಷ್ ಹರಿದರೆ ಆರ್ಮನ್ನೇ ಬದಲಾಯಿಸುತ್ತಾರೆ, ಅದು ಅವರ ಕ್ರಮ. ಇಚ್ಚ ಆರ್ಮನ್ನು ಬಿಚ್ಚಿ ಲೇತ್ ಅಂಗಡಿಗೆ ಕಳಿಸಿ, ಹಳೆಯ ಬುಷ್ ಒತ್ತಿ ತೆಗೆಸಿ ಹೊಸತು ಕೂರಿಸಿದರು. ಲಿಂಕ್ ರಾಡ್ ಎರಡು 1,500, ಬುಷ್ ನಾಲ್ಕು 1,200, ಕೂಲಿ 1,400. ಹೊರಗೆ ಅಲೈನ್‌ಮೆಂಟ್ ಮಾಡಿಸಿದ್ದು 450. ಒಟ್ಟು 4,550 ರೂಪಾಯಿ. ಹರಿದ ಬುಷ್‌ಗಳನ್ನು ಪತ್ರಿಕೆಯ ಚೂರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಅಕ್ಕನಿಗೆ ತೋರಿಸಿ” ಎಂದರು.

ಇಷ್ಟಕ್ಕೆ ನಿಲ್ಲಿಸಿದರೆ ಇದು ದೊಡ್ಡ ಅಂಗಡಿಯವನು ಕಳ್ಳ, ಸಣ್ಣ ಅಂಗಡಿಯವನು ಸತ್ಯವಂತ ಎಂಬ ಕತೆಯಾದೀತು. ಇಚ್ಚನೇ ಅದನ್ನು ಒಪ್ಪುವುದಿಲ್ಲ. ಏರ್‌ಬ್ಯಾಗಿನ ದೀಪ ಉರಿದರೆ, ಬ್ರೇಕಿನ ಕಂಪ್ಯೂಟರ್ ಕೆಟ್ಟರೆ, ವಾರಂಟಿ ಬಾಕಿ ಇದ್ದರೆ ಕಂಪನಿಗೇ ಹೋಗಿ ಎನ್ನುತ್ತಾರೆ. ಎಲ್ಲ ಬಿಡಿಭಾಗ, ಎಲ್ಲ ಉಪಕರಣ ಹೊರಗಿನ ಮೆಕ್ಯಾನಿಕ್‌ಗೆ ಸಿಗುವುದೂ ಇಲ್ಲ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನವರಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತ್ತು; ಅದರ ಮೇಲೆ ಮೇಲ್ಮನವಿಗಳೂ ಆದವು. ಆ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಂತಿಷ್ಟು ಎಸ್ಟಿಮೇಟ್ ಆಗಬೇಕು, ಇಂತಿಷ್ಟು ಇಲಿಯ ಔಷಧಿ ಹೋಗಬೇಕು ಎಂದು ಅವನಿಗೂ ಮೇಲಿನಿಂದ ಒಂದು ಲೆಕ್ಕ ಬಂದಿರುತ್ತದೆ. ಆ ಲೆಕ್ಕ ಎಂಥದೆಂದು ಬ್ಯಾಂಕಿನವನಿಗೆ ಬೇರೆಯವರು ಹೇಳಬೇಕಾಗಿಲ್ಲ.

ಆಮೇಲೆ ನಾನು ಕಲಿತ ಪಾಠ ಇಷ್ಟು. ಎಸ್ಟಿಮೇಟನ್ನು ಒಂದೊಂದೇ ಸಾಲಾಗಿ ಕೇಳಬೇಕು: ಭಾಗಕ್ಕೆ ಎಷ್ಟು, ಕೂಲಿಗೆ ಎಷ್ಟು, ತೆರಿಗೆ ಎಷ್ಟು. 28 ಪ್ರತಿಶತ ಇದ್ದ ವಾಹನದ ಬಿಡಿಭಾಗಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಬೇಕು. ಆಮೇಲೆ ಮೂರು ರಾಶಿ ಮಾಡಬೇಕು: ಇವತ್ತೇ ಮಾಡದಿದ್ದರೆ ಅಪಾಯವಾದದ್ದು, ಆರು ತಿಂಗಳು ಕಾಯಬಹುದಾದದ್ದು, ಬೇಡದ್ದು. ಬ್ರೇಕು, ಸ್ಟಿಯರಿಂಗು, ಟಯರು ಮೊದಲನೆಯ ರಾಶಿಗೆ ಸೇರಿದರೆ ಅಲ್ಲಿ ಜಿಪುಣತನ ಕೂಡದು. ಕಾರು ಮೇಲೆತ್ತಿರುವಾಗ ಕೆಳಗೆ ಹೋಗಿ, ಕೆಟ್ಟದ್ದನ್ನು ತೋರಿಸಿ ಎನ್ನಬೇಕು. ಹಳೆಯ ಭಾಗವನ್ನು ಕೈಗೆ ಕೊಡಿ ಎಂದು ಮೊದಲೇ ಹೇಳಬೇಕು. ಇನ್ನೊಂದು ಕಡೆ ಕೇಳಿ ಬರುತ್ತೇನೆ ಎನ್ನುವುದು ಅವಮಾನವಲ್ಲ; ಮದುವೆಯ ಸೀರೆ ತೆಗೆಯುವಾಗ ನಮ್ಮ ಹೆಂಗಸರು ನಾಲ್ಕು ಅಂಗಡಿ ಹತ್ತಿಳಿಯುವುದಿಲ್ಲವೇ?

ಇದೆಲ್ಲ ಅಷ್ಟು ಸುಲಭವಾಗಿದ್ದರೆ ಅಂದು ನಾನು ಯಾಕೆ ಕೇಳಲಿಲ್ಲ? ಬಹಳ ದಿನ ನಾನು ಭಾಷೆಯ ಮೇಲೆ ತಪ್ಪು ಹೊರಿಸಿದೆ. 1956ರ ನವೆಂಬರ್ 1ರಂದು ಗಡಿಯ ಗೆರೆ ನಮ್ಮ ಅಜ್ಜಂದಿರ ತಲೆಯ ಮೇಲಿನಿಂದ ಹಾದುಹೋದ ಮೇಲೆ ಅದು ನಮಗೆ ರೂಢಿಯಾಗಿಬಿಟ್ಟಿದೆ. ಸರಕಾರಿ ಕಛೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಲು 1969ರ ಕೇರಳದ ಭಾಷಾ ಕಾನೂನು ಇಲ್ಲಿಯ ಕನ್ನಡಿಗರಿಗೆ ಹಕ್ಕು ಕೊಟ್ಟಿದೆ. ಕಾರಿನ ಎಸ್ಟಿಮೇಟಿಗೆ ಯಾವ ಕಾನೂನು? ಹೀಗೆಲ್ಲ ಮಧ್ಯಾಹ್ನ ಊಟದ ಹೊತ್ತಿಗೆ ಬ್ಯಾಂಕಿನಲ್ಲಿ ಹೇಳಿಕೊಂಡೆ. ಪಯ್ಯನ್ನೂರಿನಿಂದ ಬರುವ ನಮ್ಮ ಸಹೋದ್ಯೋಗಿ ಟೀಚರ ಮಗಳು, ಮಲೆಯಾಳದಲ್ಲಿ ಕವಿತೆ ಬರೆಯುವವರು. ಬುತ್ತಿ ಮುಚ್ಚುತ್ತ ನಕ್ಕರು. “ಹೋದ ವರ್ಷ ನಾನು ಮೂವತ್ತೊಂದು ಸಾವಿರ ಕಟ್ಟಿ ಬಂದೆ. ಅವನು ಹೇಳಿದ ಪ್ರತಿ ಶಬ್ದವೂ ಅರ್ಥವಾಗಿತ್ತು. ಯಾಕೆ ಎಂದು ಕೇಳಲು ಮಾತ್ರ ನಾಚಿಕೆಯಾಯಿತು” ಎಂದರು.

ನನ್ನ ವಾದ ಅಲ್ಲಿಗೆ ಮುಗಿಯಿತು. ‘ನನಗೆ ಅರ್ಥವಾಗಲಿಲ್ಲ’ ಎನ್ನುವ ವಾಕ್ಯ ಕನ್ನಡದಲ್ಲಿ ಎಷ್ಟು ಕಷ್ಟವೋ ಮಲೆಯಾಳದಲ್ಲೂ ಅಷ್ಟೇ ಕಷ್ಟ.

‘ಅದೆಲ್ಲ ಮಾಮೂಲು’ ಎಂಬ ಮಾತನ್ನು ಎಲ್ಲಿ ಕೇಳಿದ್ದೆ ಎಂಬುದೂ ಆ ಮಧ್ಯಾಹ್ನವೇ ನೆನಪಾಯಿತು. ಕೇಳಿದ್ದಲ್ಲ, ಹೇಳಿದ್ದು. 2025ರ ಜೂನಿನಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ಪಾಸ್‌ಬುಕ್ ಹಿಡಿದು ನನ್ನ ಕೌಂಟರಿಗೆ ಬಂದಿದ್ದರು. ಖಾತೆಯಿಂದ 436 ರೂಪಾಯಿ ಹೋಗಿದೆ, ಯಾಕೆ ಎಂದು ಕೇಳಿದರು. ಹಿಂದೆ ಸರತಿ ಉದ್ದವಿತ್ತು. “ಇನ್ಶೂರೆನ್ಸಿನದ್ದು. ಫಾರ್ಮಿಗೆ ನೀವೇ ಸಹಿ ಹಾಕಿದ್ದೀರಲ್ಲ. ಅದೆಲ್ಲ ಮಾಮೂಲು, ಎಲ್ಲರಿಗೂ ಹೋಗುತ್ತದೆ” ಎಂದಿದ್ದೆ. ಆಕೆಯ ಮುಖ ಸಪ್ಪೆಯಾದದ್ದನ್ನು ನೋಡಿಯೂ ಮುಂದಿನವರ ಚೆಕ್ಕಿಗೆ ಕೈ ಚಾಚಿದ್ದೆ. ಆ ಫಾರ್ಮಿನಲ್ಲಿ ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ್ದೂ ನಾನೇ. ನಾನೂರ ಮೂವತ್ತಾರು ರೂಪಾಯಿ ದುಡಿಯಲು ಎಷ್ಟು ಬೀಡಿ ಕಟ್ಟಬೇಕೆಂದು ನಾನು ಯೋಚಿಸಿರಲಿಲ್ಲ. ನಮ್ಮ ಶಾಖೆಯಲ್ಲಿ ಆಕೆ ಮಾತಾಡಿದ್ದು ಕನ್ನಡ, ನಾನು ಉತ್ತರಿಸಿದ್ದೂ ಕನ್ನಡ. ಗಡಿಯ ಗೆರೆ ಅಂದು ನಮ್ಮಿಬ್ಬರ ನಡುವಿನ ಕೌಂಟರಿನ ಮೇಲೆ ಇತ್ತು.

ನವೆಂಬರಿನಲ್ಲಿ ಆಕೆ ಮತ್ತೆ ಬಂದರು. ಈ ಸಲ ನಾನೇ ಕರೆದು ಕೂರಿಸಿದೆ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, ವರ್ಷಕ್ಕೊಮ್ಮೆ ಮೇ ಕೊನೆಯಲ್ಲಿ ಹಣ ತೆಗೆಯುತ್ತಾರೆ, ನೀವು ತೀರಿಹೋದರೆ ಮಕ್ಕಳಿಗೆ ಎರಡು ಲಕ್ಷ ಬರುತ್ತದೆ, ಬದುಕಿದ್ದರೆ ಕಟ್ಟಿದ ಹಣ ಹಿಂದೆ ಬರುವುದಿಲ್ಲ, ಬೇಡವಾದರೆ ಬರೆದುಕೊಟ್ಟು ನಿಲ್ಲಿಸಬಹುದು ಎಂದೆಲ್ಲ ಹೇಳಿದೆ. ಹತ್ತು ನಿಮಿಷ ಹಿಡಿಯಿತು. ಸರತಿಯಲ್ಲಿದ್ದವರು ಗೊಣಗಿದರು.

ಆಕೆ ಎಲ್ಲವನ್ನೂ ಕೇಳಿ, ಸೆರಗು ಸರಿಮಾಡಿಕೊಂಡು ಎದ್ದರು. “ಹಾಗಾದರೆ ಇರಲಿ ಸಾರ್, ಮಕ್ಕಳಿಗೆ ಆಗುತ್ತದಲ್ಲ. ಅವತ್ತೇ ಹೇಳಿದ್ದರೆ ನಾನು ಐದು ತಿಂಗಳು ಬ್ಯಾಂಕಿನವರು ನನ್ನ ದುಡ್ಡು ತಿಂದರು ಅಂತ ಎಣಿಸುತ್ತಿರಲಿಲ್ಲ.”

ಇಚ್ಚ ಕೊಟ್ಟ ಬುಷ್‌ಗಳಲ್ಲಿ ಒಂದನ್ನು ಮನೆಯವಳು ನೋಡಿದ ಮೇಲೆ ಬ್ಯಾಂಕಿಗೆ ತಂದು, ಗಾಳಿಗೆ ಹಾರುವ ಸ್ಲಿಪ್ಪುಗಳ ಮೇಲೆ ಇಟ್ಟಿದ್ದೇನೆ. ಇದೆಂತದ್ದು ಎಂದು ಕೇಳುವವರಿಗೆ ಹೇಳುತ್ತೇನೆ. ಸರತಿ ಉದ್ದವಿದ್ದರೂ ಹೇಳುತ್ತೇನೆ.